ಅಣ್ಣನ ಹೆಸರಿನ ಶೇರು

ಹುಕ್ಕೇರಿ
12 ಆಗಸ್ಟ್ 2024

ಅಣ್ಣನಿಗೆ ನಂದಾಳ ನಮಸ್ಕಾರ.

ಪಂಚಮಿ ಮುಗಿಸಿಕೊಂಡು ಸುಖವಾಗಿ ಊರು ಮುಟ್ಟಿದೆ. ಗೋಕಾಕದಲ್ಲಿ ಹುಕ್ಕೇರಿ ಬಸ್ಸು ಬಹಳ ಕಾಯಿಸಿತು. ವೈನಿ ಕಟ್ಟಿಕೊಟ್ಟ ಉಂಡಿಗಳಲ್ಲಿ ಎರಡು ಅಲ್ಲೇ ಖರ್ಚಾದವು.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿ ಇರುತ್ತದೆ. ನಾನು ಇಲ್ಲಿ ಸೀನಿದರೆ ಕುಲಗೋಡದ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ನನ್ನ ಆರೋಗ್ಯ ವಿಚಾರಿಸುತ್ತಾರೆ. ನನ್ನ ದುಡ್ಡಿನ ಮಾತು ಅವರಿಗೆ ಬೇಡ. ಹಬ್ಬದ ದಿನ ನಾವಿಬ್ಬರೂ ದನಿ ಏರಿಸಿದೆವು, ವೈನಿ ಊಟ ಬಿಟ್ಟು ಎದ್ದಳು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲು ಬರುವುದಿಲ್ಲ.

ವಿಷಯ ಅದೇ. ಮೂರು ವರ್ಷದ ಕೆಳಗೆ ನನ್ನ ಉಳಿತಾಯದ ಹದಿನಾಲ್ಕು ಲಕ್ಷ ನಿನ್ನ ಕೈಗೆ ಕೊಟ್ಟೆ. ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆದು ತೆಗೆದು ಕೂಡಿಸಿದ್ದು. ನೀನು ಅಷ್ಟನ್ನೂ ಒಂದೇ ಪೈಪಿನ ಕಂಪನಿಯ ಶೇರಿಗೆ ಹಾಕಿದೆ, ಅದೂ ನಿನ್ನ ಹೆಸರಿನಲ್ಲಿ. ಈಗ ಇಪ್ಪತ್ತಾರು ಲಕ್ಷ ಆಗಿದೆ ಎಂದು ನೀನೇ ಹಬ್ಬದ ದಿನ ಎದೆ ಉಬ್ಬಿಸಿ ಹೇಳಿದೆ. ಖುಷಿಯಾಯಿತು ಅಣ್ಣ, ಸುಳ್ಳು ಹೇಳುವುದಿಲ್ಲ. ಈಗ ಮಾರು.

ನನಗೆ ಐವತ್ತೇಳು. ಪಿಂಚಣಿ ಬರುವ ನೌಕರಿಯಲ್ಲ. ಗಂಡ ಹೋಗಿ ಇಪ್ಪತ್ತೆರಡು ವರ್ಷವಾಯಿತು, ಮಕ್ಕಳಿಲ್ಲ. ಮುಂದೆ ನನ್ನನ್ನು ಸಾಕುವುದು ಈ ದುಡ್ಡೊಂದೇ. ನಮ್ಮ ಡಾಕ್ಟರ ಹೆಂಡತಿ ದೀಪಾ ಆಸ್ಪತ್ರೆಯ ಲೆಕ್ಕ ನೋಡುತ್ತಾರೆ, ಇಂಥದ್ದೆಲ್ಲ ಬಲ್ಲವರು. ಅವರು ಹೇಳುವುದು ಇಷ್ಟು: ಮೂರ್ನಾಲ್ಕು ವರ್ಷದ ಖರ್ಚಿನಷ್ಟು ಪೋಸ್ಟಿನಲ್ಲಿ ಇಡಬೇಕು, ಉಳಿದದ್ದನ್ನು ಇಂಡೆಕ್ಸ್ ಫಂಡಿಗೆ ಹಾಕಬೇಕು. ಅದರಲ್ಲಿ ದೇಶದ ದೊಡ್ಡ ಐವತ್ತು ಕಂಪನಿಗಳಲ್ಲೂ ನಮ್ಮದು ಚೂರು ಚೂರು ಇರುತ್ತದೆ. ಒಂದು ಮುಳುಗಿದರೂ ನಾವು ಮುಳುಗುವುದಿಲ್ಲ. ಏರುವುದೂ ಇಳಿಯುವುದೂ ಇದ್ದೇ ಇದೆ, ಆದರೆ ಒಂದೇ ಬಾಗಿಲು ಕಾದು ಕೂರಬೇಕಾಗಿಲ್ಲ.

ಮತ್ತೆ ಎಲ್ಲವೂ ನನ್ನ ಹೆಸರಿನಲ್ಲಿ ಇರಲಿ. ನಿನಗೆ ಏನಾದರೂ ಆದರೆ ಆ ಶೇರು ಸಾಗರನಿಗೆ ಹೋಗುತ್ತದೆ. ಸಾಗರ ಒಳ್ಳೆಯ ಹುಡುಗ. ಆದರೆ ಮುಪ್ಪಿನಲ್ಲಿ ಅಣ್ಣನ ಮಗನ ಮುಂದೆ ಕೈಯೊಡ್ಡುವುದು ನನ್ನಿಂದಾಗದು.

ನಿನ್ನ ತಂಗಿ
ನಂದಾ


ಕುಲಗೋಡ
25 ಆಗಸ್ಟ್ 2024

ಚಿರಂಜೀವಿ ನಂದಾಳಿಗೆ ಶಿದ್ಲಿಂಗಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತು. ಪೋಸ್ಟಮನ್ ಓಣಿಯಲ್ಲಿ ನಿಂತು ನನ್ನ ಹೆಸರು ಕೂಗಿದ್ದಕ್ಕೆ ಕೋರ್ಟಿನ ನೋಟೀಸು ಬಂತೆಂದು ನಿನ್ನ ವೈನಿಯ ಎದೆ ಧಸಕ್ಕೆಂದಿತು. ಓದಿದ ಮೇಲೆ ನೋಟೀಸೇ ವಾಸಿ ಅನ್ನಿಸಿತು.

ನಿನ್ನ ದೀಪಾ ಮೇಡಂ ಕಲಿತವರು ಇರಬಹುದು. ಆ ಪೈಪು ನನ್ನ ಹೊಲದಲ್ಲಿ ಎಂಟು ವರ್ಷದಿಂದ ಬಿದ್ದಿದೆ. ಬಿಸಿಲು ಉಂಡಿದೆ, ಟ್ರ್ಯಾಕ್ಟರು ಮೈಮೇಲೆ ಹೋಗಿದೆ, ಒಂದು ಹನಿ ಸೋರಿಲ್ಲ. ಆ ಕಂಪನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನ ಐವತ್ತರಲ್ಲಿ ಎಷ್ಟನ್ನು ನೀನು ಕಂಡಿದ್ದೀ? ಒಳ್ಳೆಯದರ ಜೊತೆ ಜೊಳ್ಳನ್ನೂ ಸೇರಿಸಿ ಕೊಳ್ಳುವುದು ಯಾವ ಶಾಣ್ಯಾತನ? ಮೂಡಲಗಿಯಲ್ಲಿ ನಾವು ನಾಲ್ಕು ಜನ ದಿನಾ ಮುಂಜಾನೆ ಚಹಾದ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಶೇರು ಬಜಾರು ನೋಡುತ್ತೇವೆ. ಅಲ್ಲಿ ಎಲ್ಲರೂ ನನ್ನನ್ನು ಕೇಳುತ್ತಾರೆ, ನನ್ನ ತಂಗಿ ಮಾತ್ರ ನನಗೇ ಹೇಳಿಕೊಡುತ್ತಾಳೆ.

ಇನ್ನೊಂದು ಮಾತು. ಅಪ್ಪ ಸಕ್ಕರೆ ಕಾರ್ಖಾನೆಯ ಶೇರು ತೆಗೆದುಕೊಂಡದ್ದು ನೀನು ಹುಟ್ಟುವ ಮೊದಲು. ಅಪ್ಪನಿಂದ ನನ್ನ ಹೆಸರಿಗೆ ಬಂತು, ನನ್ನಿಂದ ಸಾಗರನ ಹೆಸರಿಗೆ ಹೋಗುತ್ತದೆ. ಶೇರು ಅಂದರೆ ಮನೆಯ ಹಿರಿಯನ ಹೆಸರಿನಲ್ಲಿ ಇರುವುದು. ಅದನ್ನು ಮಾರುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಓಣಿಯ ಉದ್ದಪ್ಪ ತನ್ನದನ್ನು ಮಾರಿದ ವರ್ಷ ಅವನ ಮನೆಗೆ ಏನೋ ಕೇಡು ಬಂದಿದೆ ಎಂದು ಸುದ್ದಿಯಾಗಿ ಮಗಳ ನಿಶ್ಚಯವೇ ಮುರಿಯುವುದರಲ್ಲಿತ್ತು. ನೀನು ಮರೆತಿರಬಹುದು, ಊರು ಮರೆತಿಲ್ಲ.

ಮುಪ್ಪಿನ ಚಿಂತೆ ನಿನಗೇಕೆ? ನಾನು ಸತ್ತಿಲ್ಲವಲ್ಲ.

ಶಿದ್ಲಿಂಗಪ್ಪ


ಹುಕ್ಕೇರಿ
10 ಸೆಪ್ಟೆಂಬರ್ 2024

ಅಣ್ಣ,

ಕಾರ್ಖಾನೆಯ ಶೇರು ಇದ್ದರೆ ಕಬ್ಬು ಕಳಿಸಬಹುದು, ಹಬ್ಬಕ್ಕೆ ಸಕ್ಕರೆ ಬರುತ್ತದೆ, ಚುನಾವಣೆ ಬಂದಾಗ ನಾಲ್ಕು ಜನ ಮನೆಗೆ ಬಂದು ಕೈಮುಗಿಯುತ್ತಾರೆ. ಪೈಪಿನ ಕಂಪನಿಯವರು ನಿನ್ನ ಮನೆಗೆ ಎಂದಾದರೂ ಬಂದಿದ್ದಾರೆಯೇ? ಅದು ಬೇರೆ, ಇದು ಬೇರೆ. ಇದನ್ನು ಕೊಳ್ಳುವುದೇ ಒಂದು ದಿನ ಮಾರುವುದಕ್ಕೆ. ಮಾರಿದರೆ ಊರಿಗೆ ಗೊತ್ತಾಗುವುದೂ ಇಲ್ಲ, ನೀನೇ ಸ್ಪೀಕರಿನಲ್ಲಿ ಹೇಳದಿದ್ದರೆ.

ಪೈಪು ಸೋರದಿರಬಹುದು, ಕಂಪನಿ ಸೋರಬಹುದು. ಎರಡೂ ಒಂದೇ ಅಲ್ಲ.

ನೀನು ನನ್ನ ಹಿರಿಯ, ಕೈಹಿಡಿದು ಸಾಲೆಗೆ ಕರೆದೊಯ್ದವನು, ಅದನ್ನು ಎಂದೂ ಮರೆಯುವುದಿಲ್ಲ. ಆದರೆ ಇದು ನನ್ನ ದುಡ್ಡು. ದಸರೆಯ ಒಳಗೆ ಮಾರು. ಇಲ್ಲವಾದರೆ ಈ ಸಲ ದೀಪಾವಳಿಗೆ ನಾನು ಕುಲಗೋಡಕ್ಕೆ ಬರುವುದಿಲ್ಲ, ಮುಂದೆಯೂ ಬರುವುದಿಲ್ಲ.

ಇಲ್ಲಿ ಹೊಸದೇನೂ ಇಲ್ಲ. ಲ್ಯಾಬಿಗೆ ಭಾಗ್ಯಾ ಎಂಬ ಹುಡುಗಿ ಬಂದಿದ್ದಾಳೆ. ಕೈ ಬಹಳ ಚುರುಕು. ಸಣ್ಣ ಮಕ್ಕಳ ರಕ್ತ ತೆಗೆಯುವುದನ್ನು ಈಗ ಅವಳಿಗೇ ಬಿಡುತ್ತೇನೆ.

ನಂದಾ


ಕುಲಗೋಡ
2 ಅಕ್ಟೋಬರ್ 2024

ನಂದಾ,

ನೀನು ಹೇಳಿದ ಹಾಗೆ ಮಾಡಿದ್ದೇನೆ. ಇನ್ನು ಆ ಚಿಂತೆ ಬಿಡು. ದೀಪಾವಳಿಗೆ ಬಾ.

ಮನೆಯಲ್ಲಿ ಸ್ವಲ್ಪ ಗೌಂಡಿ ಕೆಲಸ ನಡೆಸಿದ್ದೇನೆ, ಉಸುಕು, ಸಿಮೆಂಟು ಎಂದು ಓಡಾಟ. ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಪೂರ್ವದ ಕಡೆ ಈಗ ಕಾಲಿಡಲು ಬರುವುದಿಲ್ಲ, ಬಂದಾಗ ಅತ್ತ ಹೋಗಬೇಡ, ಮೊಳೆ ಬಿದ್ದಿವೆ.

ಶಿದ್ಲಿಂಗಪ್ಪ


ಹುಕ್ಕೇರಿ
6 ನವೆಂಬರ್ 2024

ಅಣ್ಣ,

ನಿನ್ನ ಅಕ್ಟೋಬರದ ಕಾಗದ ಓದಿ ಒಬ್ಬಳೇ ಕೂತು ಅತ್ತೆ. ಹಬ್ಬದಲ್ಲಿ ನಿನ್ನೆದುರು ಹೇಳಲು ಸಂಕೋಚವಾಯಿತು, ಅದಕ್ಕೆ ಬರೆಯುತ್ತಿದ್ದೇನೆ. ನೀನು ನನ್ನ ಮಾತು ಕೇಳಿದ್ದು ಜೀವಮಾನದಲ್ಲಿ ಇದೇ ಮೊದಲು. ಇಪ್ಪತ್ತಾರು ಲಕ್ಷ ಒಂದು ಕಡೆ ಭದ್ರವಾಗಿದೆ ಎಂಬ ಸಮಾಧಾನದಲ್ಲಿ ನಾನು ಕೆಲವು ವಿಚಾರ ಮಾಡಿದ್ದೇನೆ, ಆಮೇಲೆ ತಿಳಿಸುತ್ತೇನೆ.

ಒಂದೇ ಒಂದು ಕೇಳುವುದಿದೆ. ಫಂಡು ನನ್ನ ಹೆಸರಿನಲ್ಲಿ ಆಗಬೇಕಾದರೆ ನನ್ನ ಪ್ಯಾನ್ ಕಾರ್ಡು, ನನ್ನ ಸಹಿ ಬೇಕೇ ಬೇಕು ಎನ್ನುತ್ತಾರೆ ದೀಪಾ. ನೀನು ನನ್ನ ಹತ್ತಿರ ಯಾವುದನ್ನೂ ಕೇಳಲಿಲ್ಲ. ಹೇಗೆ ಮಾಡಿದೆ? ಹಬ್ಬದಲ್ಲಿ ಕೇಳಿದಾಗ ನೀನು ಎತ್ತಿಗೆ ಮೇವು ಹಾಕಲು ಎದ್ದುಹೋದೆ. ಸದ್ಯಕ್ಕೆ ನಿನ್ನ ಹೆಸರಿನಲ್ಲೇ ಮಾಡಿದ್ದರೂ ಇರಲಿ, ಕಾಗದಪತ್ರದ ಒಂದು ಝೆರಾಕ್ಸ್ ಕಳಿಸು.

ನಂದಾ


ಕುಲಗೋಡ
19 ಡಿಸೆಂಬರ್ 2024

ನಂದಾ,

ಎಲ್ಲ ಸರಿ ಇದೆ. ಕಾಗದಪತ್ರಗಳು ಗೋಕಾಕದ ಬ್ರೋಕರ್ ಆಫೀಸಿನಲ್ಲಿ ಇವೆ. ಕಬ್ಬಿನ ಹಂಗಾಮು, ಕಡಿಯುವ ಗ್ಯಾಂಗು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎಂದು ಆಟ ಆಡಿಸುತ್ತಿದೆ. ಸಂಕ್ರಾಂತಿ ಕಳೆದ ಮೇಲೆ ಗೋಕಾಕಕ್ಕೆ ಹೋಗಿ ತರುತ್ತೇನೆ.

ನಿನ್ನ ವೈನಿ ಕೇಳುತ್ತಾಳೆ, ಹಾಸಿಗೆ ನೆಲದ ಮೇಲೆ ಹಾಕಿದರೆ ನಿನಗೆ ಮೊಣಕಾಲು ನೋಯುತ್ತದೆಯೇ ಎಂದು. ಸುಮ್ಮನೆ ಕೇಳಿದಳು.

ಶಿದ್ಲಿಂಗಪ್ಪ


ಹುಕ್ಕೇರಿ
17 ಫೆಬ್ರುವರಿ 2025

ಅಣ್ಣ,

ಇವತ್ತು ಗೋಕಾಕಕ್ಕೆ ಹೋಗಿದ್ದೆ. ಬ್ರೋಕರ್ ಆಫೀಸಿನ ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ನನ್ನ ದುಡ್ಡು ಎಲ್ಲಿದೆ ಎಂದು ಕೇಳಿದೆ. ಕೌಂಟರಿನ ಹೆಣ್ಣುಮಗಳು ಮರ್ಯಾದೆಯಿಂದಲೇ ಹೇಳಿದಳು: “ಅಕೌಂಟ ನಿಮ್ಮ ಹೆಸರಿಲೆ ಇಲ್ಲಲ್ರಿ ಅಕ್ಕಾರ. ನಮಗ ಹೇಳಾಕ ಬರೂದಿಲ್ಲ. ನಿಮ್ಮ ಅಣ್ಣಾರನ್ನ ಕರ್ಕೊಂಡ ಬರ್ರಿ.” ನನ್ನ ಹಿಂದೆ ನಿಂತವರೆಲ್ಲ ಕೇಳಿಸಿಕೊಂಡರು. ಇಪ್ಪತ್ತು ವರ್ಷದ ದುಡಿಮೆಯನ್ನು ನೋಡಲು ಅಣ್ಣನ ಕೈಹಿಡಿದು ಬರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಉದ್ದಪ್ಪ ಸಿಕ್ಕ. “ತಂಗೆವ್ವಾ, ನಿಮ್ಮಣ್ಣ ಭಾರಿ ಖೋಲಿ ಕಟ್ಟಸ್ಯಾನ. ಪರಸಿ, ಪಂಖಾ, ಬಾಜೂಕ ಬಾತ್‌ರೂಮ. ಎಲ್ಲಿಂದ ಬಂತೋ ಇಷ್ಟ ರೊಕ್ಕ” ಎಂದ. ನಾನು ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಆ ಖೋಲಿಯ ಖರ್ಚು ಲೆಕ್ಕ ಹಾಕಿದೆ.

ಈಗ ನೇರವಾಗಿ ಕೇಳುತ್ತೇನೆ. ನನ್ನ ದುಡ್ಡು ಆ ನೆಲದ ಪರಸಿಯ ಕೆಳಗಿದೆಯೇ?

ನಾನು ಮುಚ್ಚಿಟ್ಟದ್ದನ್ನೂ ಹೇಳಿಬಿಡುತ್ತೇನೆ. ಜನವರಿ ಒಂದರಿಂದ ನಾನು ನೌಕರಿ ಬಿಟ್ಟಿದ್ದೇನೆ. ಹೋದ ವರ್ಷದಿಂದ ನನ್ನ ಬಲಗೈ ನಡುಗುತ್ತಿದೆ. ನವೆಂಬರದಲ್ಲಿ ಒಂದು ದಿನ ಭಾಗ್ಯಾಳಿಗೆ ಪುರುಸೊತ್ತಿಲ್ಲದೆ ನಾನೇ ಒಂದು ಕೂಸಿನ ಕೈಗೆ ಮೂರು ಸಲ ಚುಚ್ಚಿದೆ, ನರ ಸಿಗಲಿಲ್ಲ. ಅದರ ತಾಯಿ ಕೂಸನ್ನು ಎತ್ತಿಕೊಂಡು ಭಾಗ್ಯಾಳ ಕಡೆ ಹೋದಳು. ಅವತ್ತೇ ನಿರ್ಧಾರ ಮಾಡಿದೆ. ಡಾಕ್ಟರು ಇನ್ನೂ ಎರಡು ವರ್ಷ ಇರಿ ಎಂದರು. ದುಡ್ಡು ಭದ್ರವಾಗಿದೆ ಎಂಬ ಧೈರ್ಯದ ಮೇಲೆ ಬೇಡ ಎಂದೆ. ನಿನ್ನ ಒಂದು ಸಾಲು ನಂಬಿ ಬೇಡ ಎಂದೆ ಅಣ್ಣ.

ಬಜಾರು ತಿಂಗಳುಗಟ್ಟಲೆ ಇಳಿಯುತ್ತಿದೆ. ನಿನ್ನ ಪೈಪಿನ ಕಂಪನಿಯ ಲೆಕ್ಕ ತಪಾಸಣೆ ಮಾಡುವವರೇ ರಾಜೀನಾಮೆ ಕೊಟ್ಟು ಹೋದರಂತೆ, ದೀಪಾ ಫೋನಿನಲ್ಲಿ ತೋರಿಸಿದರು. ನೀನು ಮಾರಿದ್ದೀ ಎಂದು ಅವರಿಗೆ ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ನಂದಾ


ಕುಲಗೋಡ
9 ಮಾರ್ಚ್ 2025

ನಂದವ್ವಾ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಮಾರಿಲ್ಲ. ಅಕ್ಟೋಬರದಲ್ಲಿ ಬರೆದದ್ದು ಸುಳ್ಳು. ನೀನು ದೀಪಾವಳಿಗೆ ಬರುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದಕ್ಕೆ ಹೆದರಿ ಬರೆದೆ. ಮೂವತ್ತು ಲಕ್ಷ ಆಗಲಿ, ಆಮೇಲೆ ಮಾರಿ ನಿನ್ನ ಮುಂದೆ ಇಟ್ಟರೆ ನೀನೇ ನಗುತ್ತೀ ಎಂದುಕೊಂಡೆ. ಅದರ ಮರುವಾರದಿಂದಲೇ ಇಳಿಯತೊಡಗಿತು. ಇಳಿದದ್ದನ್ನು ಮಾರಿದರೆ ಸುಳ್ಳು ಹೊರಬೀಳುತ್ತದೆ, ಏರಲಿ ಎಂದು ಕಾದೆ. ಈಗ ಹನ್ನೆರಡು ಲಕ್ಷಕ್ಕೆ ಬಂದಿದೆ. ಮೂಡಲಗಿಯ ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಅಲ್ಲಿ ನನ್ನ ಮಾತು ಕೇಳಿ ಅದೇ ಶೇರು ಕೊಂಡವರು ಇಬ್ಬರಿದ್ದಾರೆ.

ಖೋಲಿಯ ಮಾತು. ಅದರಲ್ಲಿ ನಿನ್ನ ಒಂದು ರೂಪಾಯಿ ಇಲ್ಲ. ಹೋದ ವರ್ಷದ ಕಬ್ಬಿನ ಬಿಲ್ಲಿನಲ್ಲಿ ಕಟ್ಟಿಸಿದ್ದು. ಅದು ನಿನ್ನ ಖೋಲಿ. ನೀನು ನೌಕರಿ ಮುಗಿಸಿ ಬಂದ ದಿನ ಬೀಗದ ಕೈ ನಿನ್ನ ಕೈಗೆ ಕೊಡಬೇಕೆಂದು ಯಾರಿಗೂ ಹೇಳಿರಲಿಲ್ಲ. ಪೂರ್ವಕ್ಕೆ ಕಿಟಕಿ ಇಟ್ಟಿದ್ದೇನೆ. ನಿನ್ನ ಮೊಣಕಾಲಿಗೆಂದು ಕುರ್ಚಿಯ ಹಾಗೆ ಕೂರುವ ಸಂಡಾಸು ಹಾಕಿಸಿದ್ದೇನೆ. ಕೈ ನಡುಗುವುದು ಗೊತ್ತಿದ್ದರೆ ಆಗಲೇ ಬಂದು ಕರೆದುಕೊಂಡು ಬರುತ್ತಿದ್ದೆ.

ಖರೆ ಹೇಳಬೇಕೆಂದರೆ, ಆ ದುಡ್ಡು ನಿನಗೆ ಬೇಕಾಗುತ್ತದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಅಣ್ಣನ ಮನೆ ಇರುವಾಗ ತಂಗಿಗೆ ದುಡ್ಡು ಯಾಕೆ? ಅದು ಆಡುವ ದುಡ್ಡು ಎಂದೇ ನನ್ನ ಮನಸ್ಸಿನಲ್ಲಿತ್ತು. ಇದನ್ನು ನಿನ್ನ ವೈನಿಯ ಮುಂದೆ ಹೇಳಿದೆ. ಮೂವತ್ತೈದು ವರ್ಷದಲ್ಲಿ ನನಗೆ ಎದುರಾಡದವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: “ಆಕಿ ಇಲ್ಲಿ ಬಂದು ಇರ್ತಾಳಂತ ನೀವು ಖೋಲಿ ಕಟ್ಟಿಸಿದ್ರಿ. ಇರ್ತೀಯೇನಬೇ ಅಂತ ಆಕೀನ್ನ ಒಮ್ಮೆರೆ ಕೇಳೀರೇನ್ರಿ?”

ಕೇಳಿರಲಿಲ್ಲ. ಈಗ ಕೇಳುತ್ತೇನೆ. ಬರುತ್ತೀಯಾ?

ಶಿದ್ಲಿಂಗಪ್ಪ


ಹುಕ್ಕೇರಿ
20 ಮಾರ್ಚ್ 2025

ಅಣ್ಣ,

ನೀನು ನನ್ನ ದುಡ್ಡು ತಿಂದಿದ್ದೀ ಎಂದು ಬರೆದದ್ದಕ್ಕೆ ಕ್ಷಮಿಸು. ತಿಂದಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಇದಕ್ಕೆ ಏನು ಮಾಡಲಿ?

ಬರುವುದಿಲ್ಲ.

ನಿನಗೆ ನೋವಾಗುತ್ತದೆ, ಗೊತ್ತು. ಆದರೆ ಕೇಳು. ಗಂಡ ಸತ್ತಾಗ ನನಗೆ ಮೂವತ್ತೈದು. ಮೊದಲ ಆರು ತಿಂಗಳು ನಿನ್ನ ಮನೆಯಲ್ಲೇ ಇದ್ದೆ. ನೀವು ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ನಾನು ಎದ್ದರೆ ವೈನಿ ಏಳುತ್ತಿದ್ದಳು, ನಾನು ಉಣ್ಣದಿದ್ದರೆ ಅವಳೂ ಉಣ್ಣುತ್ತಿರಲಿಲ್ಲ. ಮನೆಗೆ ಬಂದವರೆಲ್ಲ ನನ್ನ ಕಡೆ ನೋಡಿ ದನಿ ತಗ್ಗಿಸುತ್ತಿದ್ದರು. ಹುಕ್ಕೇರಿಗೆ ಬಂದು ಈ ಎರಡು ಖೋಲಿಯ ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡ ದಿನ ನಾನು ಜೋರಾಗಿ ಉಸಿರು ಬಿಟ್ಟೆ. ಇಲ್ಲಿ ಒಂದು ಸಂಜೆ ನಾನು ಉಣ್ಣದೆ ಮಲಗಿದರೆ ಯಾರೂ ಕೇಳುವುದಿಲ್ಲ. ಅದನ್ನು ನೆನೆದು ನೀನು ಕಣ್ಣೀರು ಹಾಕುತ್ತೀ. ನನಗೆ ಬೇಕಾದದ್ದು ಅದೇ.

ನಾನು ಇಪ್ಪತ್ತು ವರ್ಷ ದುಡ್ಡು ಕೂಡಿಸಿದ್ದು ಈ ಬಾಗಿಲಿನ ಬಾಡಿಗೆ ಸಾಯುವ ತನಕ ಕಟ್ಟುವುದಕ್ಕೆ. ನೀನು ಅದನ್ನು ಆಡುವ ದುಡ್ಡು ಎಂದುಕೊಂಡೆ.

ಸೋಮವಾರ ಹೋಗಿ ಮಾರು. ಹನ್ನೆರಡಾದರೆ ಹನ್ನೆರಡು. ಇನ್ನೊಂದು ವಾರ ನೋಡೋಣ ಅನ್ನಬೇಡ. ಕೈಯಲ್ಲಿ ಉಳಿದದ್ದನ್ನಾದರೂ ನನಗೆ ಕೊಡು.

ನಂದಾ


ಕುಲಗೋಡ
9 ಏಪ್ರಿಲ್ 2025

ನಂದಾ,

ಮಾರಿದೆ. ಈ ಸೋಮವಾರ.

ನೀನು ಹೇಳಿದ ಸೋಮವಾರ ಹೋಗಲಿಲ್ಲ. ಅವತ್ತು ಸ್ವಲ್ಪ ಏರಿತ್ತು, ಇನ್ನೂ ಏರುತ್ತದೆ ಅನ್ನಿಸಿತು. ಅದರ ಮುಂದಿನ ಸೋಮವಾರ ಹಬ್ಬಕ್ಕೆ ಬಜಾರು ಬಂದ್ ಇತ್ತು. ಈ ಸೋಮವಾರ ಮುಂಜಾನೆ ಇಡೀ ಬಜಾರು ಕುಸಿಯಿತು, ಎಲ್ಲರದ್ದೂ. ಗೋಕಾಕದ ಆಫೀಸಿನಲ್ಲಿ ಕೂತವರು ಇವತ್ತು ಮಾರಬೇಡಿ ಎಂದರು. ನನ್ನ ಜೊತೆ ಬಂದಿದ್ದ ನಿನ್ನ ವೈನಿ ಸುಂದ್ರವ್ವ, “ಇವತ್ತ ಮಾರದಿದ್ರ ಇವರು ಎಂದೂ ಮಾರೂದಿಲ್ರಿ” ಎಂದು ಅವರಿಗೆ ಹೇಳಿದಳು. ಹತ್ತೂವರೆ ಲಕ್ಷ ಬಂತು. ನಿನ್ನ ಖಾತೆಗೆ ಹಾಕಿಸಿದ್ದೇನೆ, ಬ್ಯಾಂಕಿನ ಚೀಟಿ ಇದರೊಳಗೆ ಇಟ್ಟಿದ್ದೇನೆ.

ನೀನು ಕೊಟ್ಟ ಹದಿನಾಲ್ಕಕ್ಕೆ ಕಡಿಮೆ ಬಿದ್ದ ಮೂರೂವರೆ ನಾನು ಕೊಡುತ್ತೇನೆ. ಎರಡು ಹಂಗಾಮು ಬೇಕು. ಬೇಡ ಅನ್ನಬೇಡ. ಇಪ್ಪತ್ತಾರನ್ನು ಕೊಡುವ ಶಕ್ತಿ ನನಗಿಲ್ಲ. ನೀನು ಮಾರು ಅಂದ ದಿನ ಅದು ಇಪ್ಪತ್ತಾರು ಇತ್ತು ಎಂಬುದು ದಿನಾ ನೆನಪಾಗುತ್ತದೆ.

ಊರಿಗೆ ನಾನೇ ಹೇಳಿದೆ, ಶೇರು ಮಾರಿದೆ ಎಂದು. ಫೋನಿನ ಸ್ಪೀಕರು ಬಂದ್ ಮಾಡಿಸಿದ್ದೇನೆ.

ಶಿದ್ಲಿಂಗಪ್ಪ


ಹುಕ್ಕೇರಿ
14 ಜುಲೈ 2025

ಅಣ್ಣ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿತ್ತು. ಈಗಲೂ ಇದೆ, ಆದರೆ ಅದರ ಜೊತೆ ಇರಲು ಕಲಿತಿದ್ದೇನೆ.

ದುಡ್ಡು ಬಂದ ವಾರವೇ ಐದು ಲಕ್ಷ ಪೋಸ್ಟಿನಲ್ಲಿ ಇಟ್ಟೆ. ಐದೂವರೆ ಇಂಡೆಕ್ಸ್ ಫಂಡಿಗೆ ಹಾಕಿದೆ. ನನ್ನ ಹೆಸರು, ನನ್ನ ಸಹಿ. ಸಹಿ ಮಾಡುವಾಗ ಕೈ ನಡುಗಿ ಎರಡು ಸಲ ಬರೆಯಬೇಕಾಯಿತು. ಎಲ್ಲ ಕಡಿಮೆ ಇದ್ದಾಗ ಹಾಕಿದ್ದರಿಂದ ಈಗ ಸ್ವಲ್ಪ ಬೆಳೆದಿದೆ. ಮತ್ತೆ ಇಳಿಯಬಹುದು, ದೀಪಾ ಮೊದಲೇ ಹೇಳಿಟ್ಟಿದ್ದಾರೆ. ನಾನು ದಿನಾ ನೋಡುವುದಿಲ್ಲ. ಪೈಪಿನ ಕಂಪನಿ ಈಗ ಎಷ್ಟಾಗಿದೆ ಎಂದು ನನಗೆ ಎಂದೂ ಬರೆಯಬೇಡ. ಏರಿದ್ದರೆ ನಿನ್ನ ಮೇಲೆ ಸಿಟ್ಟು ಬರುತ್ತದೆ, ಇಳಿದಿದ್ದರೂ ಬರುತ್ತದೆ.

ಇದು ಸಾಯುವ ತನಕ ಸಾಲುವುದಿಲ್ಲ. ಅದಕ್ಕೆ ಆಸ್ಪತ್ರೆಗೆ ಮರಳಿ ಹೋಗುತ್ತಿದ್ದೇನೆ. ಲ್ಯಾಬಿಗಲ್ಲ, ಬಾಗಿಲ ಹತ್ತಿರ ಕೂತು ಬಂದವರ ಹೆಸರು ಬರೆಯುವ ಕೆಲಸ. ಪಗಾರ ಮೊದಲಿನ ಅರ್ಧ. ನಿನ್ನೆ ಆ ಕೂಸಿನ ತಾಯಿ ಬಂದಿದ್ದಳು, ಕೂಸಿನ ಹೆಸರು ನನ್ನಿಂದಲೇ ಬರೆಸಿಕೊಂಡು ಒಳಗೆ ಹೋದಳು. ಕೈಲಾಗುವ ತನಕ ಮಾಡುತ್ತೇನೆ. ಆಮೇಲೆ ಏನು ಎಂದು ನನಗೆ ಗೊತ್ತಿಲ್ಲ. ಭಯವಾಗುತ್ತದೆ ಅಣ್ಣ. ಸಂಜೆ ಮನೆಗೆ ಬಂದಾಗ ಆಯಾಸಕ್ಕೆ ಚಹಾದ ಪಾತ್ರೆ ಎತ್ತುವುದಕ್ಕೂ ಎರಡು ಕೈ ಬೇಕು.

ನಿನ್ನ ಮೂರೂವರೆ ಕೊಡು, ತೆಗೆದುಕೊಳ್ಳುತ್ತೇನೆ.

ಪಂಚಮಿಗೆ ಬರುತ್ತೇನೆ. ಆ ಖೋಲಿಯಲ್ಲೇ ಮಲಗುತ್ತೇನೆ, ವೈನಿಯ ಕೈಯ ಉಂಡಿ ತಿನ್ನುತ್ತೇನೆ, ನಿನ್ನ ಜೊತೆ ಜಗಳ ಆಡುವುದಿಲ್ಲ. ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಬಸ್‌ಸ್ಟ್ಯಾಂಡಿನ ತನಕ ಬಾ, ನನ್ನ ಚೀಲ ಹಿಡಿ, ಕಿಟಕಿಯ ಹತ್ತಿರ ಜಾಗ ಹಿಡಿದುಕೊಡು. ಆದರೆ ಬಸ್ಸು ಬಿಡುವಾಗ, ಯಾವಾಗಲೂ ಅನ್ನುವ ಹಾಗೆ, “ಇನ್ನೆರಡ ದಿನ ಇರಬೇ” ಅನ್ನಬೇಡ.

ಈ ಸಲ ಅಂದರೆ ನಾನು ಇಳಿದುಬಿಡುತ್ತೇನೆ.

ನಿನ್ನ ತಂಗಿ
ನಂದಾ